ಹೆಡರ್ ಫೈಲಿನಲ್ಲೇ ಇದ್ದ ಕರಾರು

1990ರ ದಶಕದಲ್ಲಿ ಯುರೋಪಿನ ಹವಾಮಾನ ತಜ್ಞರು ಒಂದೇ ಲೆಕ್ಕವನ್ನು ಮತ್ತೆ ಮತ್ತೆ ಬರೆಯುತ್ತಿದ್ದರು. ನಾರ್ಡಿಕ್ ದೇಶಗಳು, ನೆದರ್ಲೆಂಡ್ಸ್, ಐರ್ಲೆಂಡ್, ಸ್ಪೇನ್ ಸೇರಿ ಕಟ್ಟಿದ್ದ ಹಿರ್ಲಾಮ್ ಎಂಬ ಮುನ್ಸೂಚನಾ ಮಾದರಿ ಫೋರ್ಟ್ರಾನ್ ಭಾಷೆಯಲ್ಲಿತ್ತು. ಗಾಳಿ, ಒತ್ತಡ, ತೇವಗಳ ಸಮೀಕರಣಗಳು ಇದ್ದಲ್ಲೇ ಇರುತ್ತಿದ್ದವು; ಬದಲಾಗುತ್ತಿದ್ದುದು ಯಂತ್ರ. ವೆಕ್ಟರ್ ಸೂಪರ್‌ಕಂಪ್ಯೂಟರಿನಲ್ಲಿ ಓಡುತ್ತಿದ್ದ ಲೂಪು ಸಮಾಂತರ ಯಂತ್ರಕ್ಕೆ ಬಂದರೆ ತೆವಳುತ್ತಿತ್ತು. ಹೊಸ ಯಂತ್ರ ಬಂದಾಗಲೆಲ್ಲ ಯಾರಾದರೂ ಕೂತು ಹಳೆಯ ಲೆಕ್ಕವನ್ನು ಹೊಸ ರೂಪಕ್ಕೆ ಇಳಿಸಬೇಕಿತ್ತು.

ಲೈಡನ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ರಾಬರ್ಟ್ ವಾನ್ ಎಂಗೆಲೆನ್ ಈ ಕೆಲಸವನ್ನು ಯಂತ್ರಕ್ಕೇ ಒಪ್ಪಿಸಲು ಹೊರಟವರು. ಡಚ್ ಹವಾಮಾನ ಸಂಸ್ಥೆಯ ತಜ್ಞರ ಜೊತೆ ಸೇರಿ ಅವರು ಕಟ್ಟಿದ ವ್ಯವಸ್ಥೆಯ ಹೆಸರು ಸಿಟಾಡೆಲ್. ಅದಕ್ಕೆ ಗಣಿತದ ಸಮೀಕರಣವನ್ನೂ ಯಂತ್ರದ ಲಕ್ಷಣವನ್ನೂ ಕೊಟ್ಟರೆ, ಆ ಯಂತ್ರಕ್ಕೆ ಹೊಂದುವ ಫೋರ್ಟ್ರಾನ್ ಸಾಲುಗಳನ್ನು ತಾನೇ ಬರೆದುಕೊಡುತ್ತಿತ್ತು. 1998ರಲ್ಲಿ ಅವರ ಪಿಎಚ್‌ಡಿ ಇದೇ ವಿಷಯದ ಮೇಲೆ ಆಯಿತು. ಆಮೇಲೆ ಅವರು ಅಮೆರಿಕದ ಟಾಲಹಾಸಿಗೆ, ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಬಂದರು.

ಎಕ್ಸ್‌ಎಂಎಲ್ ವೆಬ್ ಸೇವೆಗಳ ಕತೆಯನ್ನು ಹವಾಮಾನದಿಂದ ಶುರುಮಾಡಿದ್ದಕ್ಕೆ ಕಾರಣವಿದೆ. ಜಿಸೋಪ್ ಎಂಬ ಕೋಡ್ ಜನರೇಟರ್ ಇದೇ ಮನುಷ್ಯನ ಕೈಯಿಂದ ಬಂದದ್ದು. ಸೋಪ್ ಎಂಬ ಎಕ್ಸ್‌ಎಂಎಲ್ ಸಂದೇಶ ಪದ್ಧತಿಯ ಕಾಲದ ಬಹುಪಾಲು ಉಪಕರಣಗಳನ್ನು ಕಟ್ಟಿದವರು ವ್ಯಾಪಾರಿ ಸಾಫ್ಟ್‌ವೇರಿನ ಕಡೆಯವರು. ಇವರು ಬಂದದ್ದು ಸಂಖ್ಯೆಗಳನ್ನು ವೇಗವಾಗಿ ಅರೆಯುವ ಲೋಕದಿಂದ. ಆ ವ್ಯತ್ಯಾಸ ಅವರ ಕೆಲಸದ ತುಂಬ ಕಾಣುತ್ತದೆ.

ಎಕ್ಸ್‌ಎಂಎಲ್ 1.0 ಹೊರಬಂದದ್ದು 1998ರ ಫೆಬ್ರವರಿಯಲ್ಲಿ. ಅದೇ ವರ್ಷ ಡಾನ್ ಬಾಕ್ಸ್, ಡೇವ್ ವೈನರ್ ಮತ್ತು ಮೈಕ್ರೋಸಾಫ್ಟಿನ ಕೆಲವರು ಸೇರಿ, ಒಂದು ಕಂಪ್ಯೂಟರು ಇನ್ನೊಂದು ಕಂಪ್ಯೂಟರಿನ ಫಂಕ್ಷನ್ನನ್ನು ಎಕ್ಸ್‌ಎಂಎಲ್ ಮೂಲಕ ಕರೆಯುವ ದಾರಿ ಹುಡುಕುತ್ತಿದ್ದರು. ಅದು ಸೋಪ್ ಆಯಿತು. 2000ದ ಮೇ ತಿಂಗಳಲ್ಲಿ ಐಬಿಎಂ ಕೂಡ ಕೈಜೋಡಿಸಿ, ಸೋಪ್ 1.1 ಜಾಲದ ಮಾನದಂಡಗಳ ಸಂಸ್ಥೆಯಾದ ಡಬ್ಲ್ಯು3ಸಿಯ ಮುಂದೆ ಟಿಪ್ಪಣಿಯಾಗಿ ಬಂತು. ಹೊರಗೊಂದು ಲಕೋಟೆ, ಒಳಗೊಂದು ಒಡಲು, ಒಡಲಲ್ಲಿ ಫಂಕ್ಷನ್ನಿನ ಹೆಸರು ಮತ್ತು ಅದರ ಆರ್ಗ್ಯುಮೆಂಟುಗಳು. ಎಲ್ಲವೂ ಅಕ್ಷರಗಳೇ. ಬ್ರೌಸರು ಬಳಸುವ ಎಚ್‌ಟಿಟಿಪಿ ದಾರಿಯಲ್ಲೇ ಹೋಗುತ್ತಿದ್ದುದರಿಂದ ಕಂಪನಿಗಳ ಫೈರ್‌ವಾಲುಗಳು ಅಡ್ಡ ಬರುತ್ತಿರಲಿಲ್ಲ. ಸೋಪ್ ಅಷ್ಟು ಬೇಗ ಹಬ್ಬಿದ್ದಕ್ಕೆ ಅದರ ವಿನ್ಯಾಸಕ್ಕಿಂತ ಈ ನುಸುಳುವ ಗುಣವೇ ಹೆಚ್ಚು ಕಾರಣ ಎಂದು ನನ್ನ ಅನಿಸಿಕೆ.

ಎರಡಕ್ಕೆ ಮೂರು ಕೂಡಿಸಿ ಕೊಡು ಎಂದು ಕೇಳುವ ಸೋಪ್ ಸಂದೇಶವನ್ನು ಕೈಯಲ್ಲೇ ಬರೆಯುವುದು ಕಷ್ಟವಲ್ಲ. ಒಂದು ಪ್ರಿಂಟ್‌ಎಫ್ ಸಾಕು. ಕಷ್ಟ ಇರುವುದು ಉತ್ತರವನ್ನು ಓದುವುದರಲ್ಲಿ. ಆ ಬದಿಯ ಸರ್ವರ್ ಬೇರೆ ನೇಮ್‌ಸ್ಪೇಸ್ ಪ್ರಿಫಿಕ್ಸ್ ಇಟ್ಟಿರಬಹುದು, ಗುಣಲಕ್ಷಣಗಳ ಕ್ರಮ ಬದಲಿಸಿರಬಹುದು, ನಡುವೆ ಹೊಸ ಸಾಲು ಹಾಕಿರಬಹುದು. ಎಕ್ಸ್‌ಎಂಎಲ್ ಪ್ರಕಾರ ಇವೆಲ್ಲ ಒಂದೇ ಅರ್ಥ. ಪದ ಹುಡುಕಿ ಸಂಖ್ಯೆ ಕಿತ್ತುಕೊಳ್ಳುವ ಪ್ರೋಗ್ರಾಮಿಗೆ ಒಂದೊಂದೂ ಹೊಸ ಪೆಟ್ಟು.

ಇದಕ್ಕೆ ಪರಿಹಾರ ಸೋಪ್ ಹುಟ್ಟುವ ಮೊದಲೇ ಇತ್ತು. ತಾಲ್ಲೂಕು ಕಚೇರಿಯ ಹೊರಗೆ ಮರದಡಿ ಕೂರುವ ಅರ್ಜಿ ಬರೆಯುವವನನ್ನು ನೆನೆದುಕೊಳ್ಳಿ. ನಾವು ಹೇಳುವುದು ನಮ್ಮ ಮಾತಿನಲ್ಲಿ. ಅವನು ಬರೆಯುವುದು ಕಚೇರಿ ಕೇಳುವ ನಮೂನೆಯಲ್ಲಿ. ದೂರದ ಫಂಕ್ಷನ್ನನ್ನು ಕರೆಯುವ ಪ್ರೋಗ್ರಾಮಿಗೂ ಇಂಥವನೊಬ್ಬ ಬೇಕು. ಅವನಿಗೆ ಸ್ಟಬ್ ಎಂದು ಹೆಸರು. ಪ್ರೋಗ್ರಾಮು ಹತ್ತಿರದ ಫಂಕ್ಷನ್ನನ್ನು ಕರೆದ ಹಾಗೆ ಸ್ಟಬ್ಬನ್ನು ಕರೆಯುತ್ತದೆ. ಸ್ಟಬ್ ಸಂದೇಶ ಕಟ್ಟಿ ಕಳಿಸಿ, ಉತ್ತರ ಬಿಚ್ಚಿ ಕೈಗಿಡುತ್ತದೆ. ಸ್ಟಬ್‌ಗಳೆಲ್ಲ ಒಂದೇ ಅಚ್ಚಿನವು, ಬೇಸರ ಹುಟ್ಟಿಸುವವು, ಒಂದು ಬೈಟು ಆಚೀಚೆಯಾದರೂ ಕೆಡುವವು. ಆದ್ದರಿಂದ ಅವನ್ನು ಮನುಷ್ಯ ಬರೆಯಬಾರದು.

ಇದನ್ನು ಮೊದಲು ಚೊಕ್ಕವಾಗಿ ಮಾಡಿ ತೋರಿಸಿದವರು ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್ ಪ್ರಯೋಗಾಲಯದ ಆಂಡ್ರ್ಯೂ ಬಿರೆಲ್ ಮತ್ತು ಬ್ರೂಸ್ ನೆಲ್ಸನ್. 1984ರಲ್ಲಿ ಪ್ರಕಟವಾದ ಅವರ ಪ್ರಬಂಧವನ್ನು ಇಂದಿಗೂ ಓದಬಹುದು. ಅವರ ಸ್ಟಬ್ ಜನರೇಟರಿನ ಹೆಸರು ಲೂಪಿನ್. ಅಲ್ಲಿನ ಪ್ರೋಗ್ರಾಮರುಗಳು ಬಳಸುತ್ತಿದ್ದ ಮೆಸಾ ಭಾಷೆಯಲ್ಲಿ ಪ್ರತಿ ಘಟಕಕ್ಕೂ ಒಂದು ಇಂಟರ್ಫೇಸ್ ಮಾಡ್ಯೂಲ್ ಇರುತ್ತಿತ್ತು: ಯಾವ ಫಂಕ್ಷನ್, ಏನು ತೆಗೆದುಕೊಳ್ಳುತ್ತದೆ, ಏನು ಕೊಡುತ್ತದೆ ಎಂಬಷ್ಟೇ ವಿವರ. ಲೂಪಿನ್ ಅದನ್ನೇ ಓದಿ ಎರಡೂ ತುದಿಯ ಸ್ಟಬ್ಬುಗಳನ್ನು ಬರೆಯುತ್ತಿತ್ತು. ಪ್ರೋಗ್ರಾಮರು ಹೊಸದಾಗಿ ಏನನ್ನೂ ಕಲಿಯಬೇಕಾಗಿರಲಿಲ್ಲ. ಏನೂ ಹೊರದ ಒಂದು ಖಾಲಿ ಕರೆ ಹೋಗಿ ಬರಲು ಅವರು ಅಳೆದ ಮಧ್ಯಮ ಸಮಯ 1,097 ಮೈಕ್ರೋಸೆಕೆಂಡು. ಅದೇ ಯಂತ್ರದೊಳಗಿನ ಕರೆಗೆ 9 ಮೈಕ್ರೋಸೆಕೆಂಡು. ಹತ್ತಿರದ್ದರಂತೆ ಕಾಣುವ ದೂರದ ಕರೆ ನೂರಿಪ್ಪತ್ತು ಪಟ್ಟು ನಿಧಾನ ಎನ್ನುವುದನ್ನು ಅವರು ಮುಚ್ಚಿಡಲಿಲ್ಲ. ಅವರ ನಂತರ ಬಂದ ಹಲವರು ಮುಚ್ಚಿಟ್ಟರು.

ಆಮೇಲಿನ ಹದಿನೈದು ವರ್ಷ ಬೇರೆ ದಾರಿ ಹಿಡಿಯಿತು. ಸನ್ ಕಂಪನಿಯ ಆರ್‌ಪಿಸಿಜೆನ್, ಕೋರ್ಬಾದ ಐಡಿಎಲ್, ಮೈಕ್ರೋಸಾಫ್ಟಿನ ಐಡಿಎಲ್ ಇವೆಲ್ಲಕ್ಕೂ ಇಂಥ ವಿವರವನ್ನು, ಅಂದರೆ ಎರಡು ತುದಿಗಳ ನಡುವಿನ ಕರಾರನ್ನು, ಬರೆಯಲು ಒಂದು ಪ್ರತ್ಯೇಕ ಭಾಷೆ ಬೇಕಿತ್ತು. ಬೇರೆ ಬೇರೆ ಭಾಷೆಯವರು ಒಬ್ಬರೊಡನೊಬ್ಬರು ಮಾತಾಡಬೇಕಾದಾಗ ಅದು ಅನಿವಾರ್ಯವೂ ಹೌದು. ಸೋಪ್ ಲೋಕದಲ್ಲಿ ಆ ಜಾಗಕ್ಕೆ ಬಂದದ್ದು ಡಬ್ಲ್ಯುಎಸ್‌ಡಿಎಲ್. ಮೈಕ್ರೋಸಾಫ್ಟ್ ಮತ್ತು ಐಬಿಎಂಗಳ ಎರಡು ಬೇರೆ ಕರಡುಗಳನ್ನು ಬೆಸೆದು ಮಾಡಿದ ಇದರ 1.1 ಆವೃತ್ತಿ 2001ರ ಮಾರ್ಚಿನಲ್ಲಿ ಡಬ್ಲ್ಯು3ಸಿಗೆ ಬಂತು. ಅದನ್ನು ಬರೆದ ನಾಲ್ವರಲ್ಲಿ ಒಬ್ಬರಾದ ಶ್ರೀಲಂಕಾದ ಸಂಜೀವ ವೀರವರಣ ಮುಂದೆ ಊರಿಗೆ ಮರಳಿ ಕೊಲಂಬೊದಲ್ಲಿ ಡಬ್ಲ್ಯುಎಸ್‌ಓ2 ಕಂಪನಿ ಕಟ್ಟಿದರು. ಡಬ್ಲ್ಯುಎಸ್‌ಡಿಎಲ್ ಅನ್ನು ಮನುಷ್ಯರು ಓದಲು ಬರೆದಿಲ್ಲ ಎಂಬುದು ಅದರ ಒಂದು ಪುಟ ನೋಡಿದವರಿಗೆಲ್ಲ ಗೊತ್ತು. ಕೂಡುವ ಒಂದೇ ಫಂಕ್ಷನ್ನನ್ನು ವಿವರಿಸಲು ಟೈಪುಗಳು, ಸಂದೇಶಗಳು, ಪೋರ್ಟ್ ಟೈಪು, ಬೈಂಡಿಂಗು, ಸರ್ವಿಸು ಎಂದು ಐದು ಮೆಟ್ಟಿಲು ಹತ್ತಿ ಇಳಿಯಬೇಕು.

ಜಾವಾ ಮತ್ತು ಡಾಟ್‌ನೆಟ್‌ನವರಿಗೆ ಇದು ಅಷ್ಟೇನೂ ಭಾರವಾಗಲಿಲ್ಲ. ಆ ಭಾಷೆಗಳಲ್ಲಿ ಪ್ರೋಗ್ರಾಮು ಓಡುತ್ತಿರುವಾಗಲೇ ಒಂದು ವಸ್ತುವನ್ನು, ನಿನ್ನೊಳಗೆ ಏನೇನಿದೆ ಎಂದು ಕೇಳಬಹುದು. ಅಪಾಚೆ ಆಕ್ಸಿಸ್ ಎಂಬ ಸೋಪ್ ಉಪಕರಣಕ್ಕೆ ಒಂದು ಜಾವಾ ಕ್ಲಾಸು ಕೊಟ್ಟರೆ ಸಾಕು, ಅದು ಡಬ್ಲ್ಯುಎಸ್‌ಡಿಎಲ್ ಬರೆದು ಹರಡುತ್ತಿತ್ತು. ಸಿ ಮತ್ತು ಸಿ++ ಹಾಗಲ್ಲ. ಕಂಪೈಲ್ ಆದ ಕ್ಷಣ ಹೆಸರುಗಳು ಅಳಿಯುತ್ತವೆ, ಉಳಿಯುವುದು ಬೈಟುಗಳು. ಒಂದು ಪಾಯಿಂಟರನ್ನು ನೋಡಿ ಅದು ಒಂದು ಸಂಖ್ಯೆಯನ್ನು ತೋರಿಸುತ್ತಿದೆಯೋ, ಸಾವಿರ ಸಂಖ್ಯೆಗಳ ಸಾಲನ್ನೋ ಎಂದು ಹೇಳಲಾಗದು. ಆದರೆ ವಿಜ್ಞಾನದ ಹಳೆಯ ಪ್ರೋಗ್ರಾಮುಗಳೆಲ್ಲ ಇದ್ದದ್ದು ಅಲ್ಲಿಯೇ: ಮ್ಯಾಟ್ರಿಕ್ಸ್ ಬಿಡಿಸುವವು, ಹವಾಮಾನದವು, ದ್ರವಗಳ ಹರಿವಿನವು. ಅವನ್ನು ಜಾಲಕ್ಕೆ ತೆರೆಯಬೇಕೆಂದರೆ ಜಾವಾದಲ್ಲಿ ಹೊದಿಕೆ ಹಾಕುವುದೊಂದೇ ದಾರಿ ಎಂಬಂತಿತ್ತು.

ವಾನ್ ಎಂಗೆಲೆನ್ ಮತ್ತು ಅದೇ ವಿಶ್ವವಿದ್ಯಾಲಯದ ಸಂಖ್ಯಾ ಬೀಜಗಣಿತ ತಜ್ಞ ಕೈಲ್ ಗ್ಯಾಲಿವನ್ ಹಿಡಿದ ಎಳೆ ಇಲ್ಲಿದೆ. ಸಿ ಪ್ರೋಗ್ರಾಮಿಗೆ ಓಡುವಾಗ ಏನೂ ನೆನಪಿಲ್ಲದಿರಬಹುದು. ಆದರೆ ಕಂಪೈಲ್ ಆಗುವ ಮುಂಚೆ ಎಲ್ಲವೂ ಹೆಡರ್ ಫೈಲಿನಲ್ಲಿ ಬರೆದೇ ಇರುತ್ತದೆ. ಫಂಕ್ಷನ್ನಿನ ಹೆಸರು, ಆರ್ಗ್ಯುಮೆಂಟುಗಳ ಟೈಪು, ಸ್ಟ್ರಕ್ಟುಗಳ ಒಳಗಿನ ಅಂಗಗಳು. ಕರಾರಿಗೆಂದೇ ಮೂರನೆಯ ಭಾಷೆ ಯಾಕೆ? ಹೆಡರನ್ನೇ ಕರಾರು ಎಂದು ಓದುವ ಕಂಪೈಲರ್ ಬರೆದರೆ ಆಯಿತು. ಲೂಪಿನ್ ಮೆಸಾಕ್ಕೆ ಮಾಡಿದ್ದನ್ನು ಸಿಗೆ ಮಾಡಿದಂತೆ. ಹಾಗೆ ಬಂದ ಜಿಸೋಪನ್ನು ಇಬ್ಬರೂ 2002ರಲ್ಲಿ ಬರ್ಲಿನ್‌ನ ಸಿಸಿಗ್ರಿಡ್ ಸಮ್ಮೇಳನದಲ್ಲಿ ಮಂಡಿಸಿದರು. ಆ ಕಂಪೈಲರಿನ ಹೆಸರು ಸೋಪ್‌ಸಿಪಿಪಿ2.

ಹೆಡರ್ ಓದಿದರೆ ಎಲ್ಲ ಮುಗಿಯುತ್ತದೆಯೇ? ಇಲ್ಲ, ಅದು ಹೇಳದೆ ಬಿಟ್ಟ ಸಂಗತಿಗಳೂ ಇವೆ. ಅವನ್ನು ತುಂಬಲು ಜಿಸೋಪ್ ಕೆಲವು ಕಟ್ಟಳೆಗಳನ್ನು ತಂದಿತು. ಎಕ್ಸ್‌ಎಂಎಲ್‌ನಲ್ಲಿ ಹೆಸರಿಗೆ ನೇಮ್‌ಸ್ಪೇಸ್ ಬೇಕು, ಸಿ ಭಾಷೆಯಲ್ಲಿ ಹೆಸರಿನ ನಡುವೆ ಕೋಲನ್ ಇಡುವಂತಿಲ್ಲ. ಹಾಗಾಗಿ ಎರಡು ಅಡಿಗೆರೆ: 'ಎನ್‌ಎಸ್' ಎಂದು ಬರೆದು ಎರಡು ಅಡಿಗೆರೆ ಎಳೆದು 'ಆ್ಯಡ್' ಎಂದರೆ, ಅದು ಎನ್‌ಎಸ್ ನೇಮ್‌ಸ್ಪೇಸಿನ ಆ್ಯಡ್. ಒಂಟಿ ಅಡಿಗೆರೆ ಎಕ್ಸ್‌ಎಂಎಲ್‌ನಲ್ಲಿ ಹೈಫನ್ ಆಗುತ್ತದೆ. ಜಾವಾ ಸೇವೆಗಳು ಉತ್ತರದ ಟ್ಯಾಗಿಗೆ 'ರಿಟರ್ನ್' ಎಂದೇ ಹೆಸರಿಡುವುದು ಸಾಮಾನ್ಯ. ಸಿಯಲ್ಲಿ ಅದು ಮೀಸಲು ಪದ. ಕೊನೆಯಲ್ಲೊಂದು ಅಡಿಗೆರೆ ಸೇರಿಸಿ ಬರೆದರೆ ಜನರೇಟರು ಅದನ್ನು ಕಳಚಿ ಕಳಿಸುತ್ತದೆ. ಫಂಕ್ಷನ್ನಿನ ಕೊನೆಯ ಪ್ಯಾರಾಮೀಟರು ಯಾವಾಗಲೂ ಉತ್ತರಕ್ಕೆ ಮೀಸಲು. ಫಂಕ್ಷನ್ನು ಹಿಂತಿರುಗಿಸುವ ಇಂಟ್ ದೋಷದ ಸಂಖ್ಯೆಗೆ. ಸಾಲಿನ ಉದ್ದ ತಿಳಿಸಲು ಪಾಯಿಂಟರಿನ ಪಕ್ಕದಲ್ಲೇ ಸೈಜ್ ಎಂಬ ಅಂಗ.

ಟ್ಯಾಗಿನ ಹೆಸರು ಕನ್ನಡದಲ್ಲಿದ್ದರೆ? ಎಕ್ಸ್‌ಎಂಎಲ್ ಅದಕ್ಕೆ ಮೊದಲಿನಿಂದಲೂ ಅವಕಾಶ ಕೊಟ್ಟಿದೆ. ಜಿಸೋಪ್ ಪ್ರತಿ ಅಕ್ಷರವನ್ನೂ ಅದರ ಯೂನಿಕೋಡ್ ಸಂಖ್ಯೆಯಾಗಿ ಸಿ ಹೆಸರಿನೊಳಗೆ ತುರುಕುತ್ತದೆ. 'ಬೆಲೆ' ಎಂಬ ಪುಟ್ಟ ಪದ ನಾಲ್ಕು ಹೆಕ್ಸ್ ಸಂಖ್ಯೆಗಳ ಸರಪಳಿಯಾಗುತ್ತದೆ. ಓಡುತ್ತದೆ, ಆದರೆ ಯಾರೂ ಓದಲಾರರು. ಟ್ಯಾಗಿಗಿಂತ ಒಳಗಿನ ಪಠ್ಯವೇ ಕನ್ನಡಿಗರನ್ನು ಕಾಡುವುದು ಹೆಚ್ಚು. ಸಾಮಾನ್ಯ ಸಿ ಸ್ಟ್ರಿಂಗನ್ನು ಜಿಸೋಪ್ ತಾನಾಗಿ ಪಶ್ಚಿಮ ಯುರೋಪಿನ ಲ್ಯಾಟಿನ್-1 ಎಂದೇ ಭಾವಿಸುತ್ತದೆ. ಯುಟಿಎಫ್-8ರಲ್ಲಿ ಮೂರು ಬೈಟಿನ ನಮ್ಮ 'ಕ' ಆಗ ಮೂರು ಬೇರೆ ಅಕ್ಷರಗಳಾಗಿ ಆಚೆ ದಡ ಸೇರುತ್ತದೆ. ಸ್ಟ್ರಿಂಗುಗಳು ಯುಟಿಎಫ್-8ರಲ್ಲಿವೆ ಎಂದು ಸೂಚಿಸುವ ಫ್ಲ್ಯಾಗ್ ಏರಿಸಿದರೆ ಸರಿಹೋಗುತ್ತದೆ. ಆ ಫ್ಲ್ಯಾಗನ್ನು ಮೊದಲೇ ಏರಿಸಿಟ್ಟಿರಬೇಕಿತ್ತು ಎನ್ನುವುದು ಲ್ಯಾಟಿನ್ ಲಿಪಿಯಾಚೆ ಬದುಕುವ ನಮ್ಮಂಥವರ ಸಕಾರಣ ದೂರು.

ಈ ಕಟ್ಟಳೆಗಳೆಲ್ಲ ಸೇರಿ, ಜಿಸೋಪ್ ಹೆಡರು ಸಿ ಹೆಡರಿನಂತೆ ಕಂಡರೂ ಸಿ ಅಲ್ಲ. ಕಮೆಂಟುಗಳಂತೆ ತೋರುವ ಸಾಲುಗಳು ಜನರೇಟರಿಗೆ ಆಜ್ಞೆಗಳು. ಫಂಕ್ಷನ್ನಿನ ಒಡಲನ್ನು ಅಲ್ಲಿ ಬರೆಯುವಂತಿಲ್ಲ. ಮೂರನೆಯ ಭಾಷೆ ಬೇಡ ಎಂದು ಹೊರಟವರು ಎರಡೂವರೆಯನೆಯ ಭಾಷೆಗೆ ಬಂದು ನಿಂತರು ಎನ್ನಬಹುದು. ಆದರೂ ಸಿ ಬಲ್ಲವನು ಅದನ್ನು ಒಂದು ಮಧ್ಯಾಹ್ನದಲ್ಲಿ ಓದಬಲ್ಲ. ಡಬ್ಲ್ಯುಎಸ್‌ಡಿಎಲ್ ಬಗ್ಗೆ ಹಾಗೆ ಹೇಳುವ ಧೈರ್ಯ ನನಗಿಲ್ಲ.

ಪಾಯಿಂಟರುಗಳ ವಿಷಯ ಇನ್ನೂ ಸೊಗಸಾದದ್ದು. ಎರಡು ಪಾಯಿಂಟರುಗಳು ಒಂದೇ ವಸ್ತುವನ್ನು ತೋರಿಸುತ್ತಿದ್ದರೆ ಅದನ್ನು ಎಕ್ಸ್‌ಎಂಎಲ್‌ನಲ್ಲಿ ಎರಡು ಸಲ ಬರೆಯುವುದೇ? ಬರೆದರೆ ಆಚೆ ಬದಿಯಲ್ಲಿ ಎರಡು ವಸ್ತುಗಳು ಹುಟ್ಟುತ್ತವೆ. ಸುತ್ತಿ ಬಂದು ತನ್ನನ್ನೇ ತೋರಿಸುವ ಪಟ್ಟಿಯಾದರೆ ಬರವಣಿಗೆ ಮುಗಿಯುವುದೇ ಇಲ್ಲ. ಜಿಸೋಪ್ ಬರೆದುಕೊಡುವ ಕೋಡು ಇದನ್ನು ಎರಡು ಸುತ್ತಿನಲ್ಲಿ ಬಗೆಹರಿಸುತ್ತದೆ. ಮೊದಲ ಸುತ್ತಿನಲ್ಲಿ ಒಂದಕ್ಷರವನ್ನೂ ಕಳಿಸದೆ ಎಲ್ಲ ಪಾಯಿಂಟರುಗಳ ಹಿಂದೆ ನಡೆದು, ಯಾವ ವಿಳಾಸಕ್ಕೆ ಎಷ್ಟು ದಾರಿಗಳು ಬರುತ್ತವೆ ಎಂದು ಕೋಷ್ಟಕದಲ್ಲಿ ಗುರುತು ಹಾಕಿಕೊಳ್ಳುತ್ತದೆ. ಎರಡನೆಯ ಸುತ್ತಿನಲ್ಲಿ ಬರೆಯುತ್ತದೆ. ಒಂದಕ್ಕಿಂತ ಹೆಚ್ಚು ದಾರಿಗಳಿದ್ದ ವಸ್ತುವಿಗೆ ಒಂದು ಗುರುತಿನ ಸಂಖ್ಯೆ, ಉಳಿದ ಕಡೆ ಆ ಸಂಖ್ಯೆಗೆ ಉಲ್ಲೇಖ. ಆಚೆ ಬದಿಯಲ್ಲಿ ಓದುವಾಗ ಇನ್ನೂ ಬಾರದ ವಸ್ತುವಿನ ಉಲ್ಲೇಖ ಮೊದಲೇ ಸಿಕ್ಕರೆ ಆ ಜಾಗವನ್ನು ನೆನಪಿಟ್ಟು, ವಸ್ತು ಬಂದ ಮೇಲೆ ಪಾಯಿಂಟರನ್ನು ಜೋಡಿಸುತ್ತದೆ. ಪರಸ್ಪರ ತೊಡರಿಕೊಂಡ ದತ್ತಾಂಶ ಹೀಗೆ ಅದೇ ಆಕಾರದಲ್ಲಿ ಆಚೆ ದಡದಲ್ಲಿ ಎದ್ದು ನಿಲ್ಲುತ್ತದೆ.

ಓದುವ ಬಗೆಯೂ ಬೇರೆ. ಆ ಕಾಲದ ಹಲವು ಉಪಕರಣಗಳು ಇಡೀ ಎಕ್ಸ್‌ಎಂಎಲ್ ಅನ್ನು ಮೆಮೊರಿಯಲ್ಲಿ ಮರವಾಗಿ ಬೆಳೆಸಿ, ಆಮೇಲೆ ಆ ಮರದಿಂದ ಬೇಕಾದ್ದನ್ನು ಕೀಳುತ್ತಿದ್ದವು. ಜಿಸೋಪ್‌ನಲ್ಲಿ ಮರವಿಲ್ಲ. ಇಂಥ ಸ್ಟ್ರಕ್ಟಿನಲ್ಲಿ ಇಂಥವೇ ಅಂಗಗಳಿರುತ್ತವೆ ಎಂದು ಜನರೇಟರಿಗೆ ಮೊದಲೇ ಗೊತ್ತು; ಆದ್ದರಿಂದ ಪ್ರತಿ ಟೈಪಿಗೂ ಅದಕ್ಕೆಂದೇ ಹೆಣೆದ ಓದುವ ಫಂಕ್ಷನ್ನನ್ನು ಬರೆದಿಡುತ್ತದೆ. ತಂತಿಯ ಮೇಲೆ ಅಕ್ಷರ ಬರುತ್ತಿದ್ದ ಹಾಗೆ ಅದು ನೇರ ಸ್ಟ್ರಕ್ಟಿನ ಅಂಗಕ್ಕೆ ಇಳಿಯುತ್ತದೆ. ಹಿರ್ಲಾಮ್‌ನ ಸಮೀಕರಣಕ್ಕೆ ಯಂತ್ರ ನೋಡಿ ಲೂಪು ಬರೆದ ಅದೇ ಕಸುಬು ಇಲ್ಲಿ ಟೈಪು ನೋಡಿ ಪಾರ್ಸರ್ ಬರೆಯಿತು. ಆದರೂ ದಶಾಂಶ ಸಂಖ್ಯೆಗಳನ್ನು ಅಕ್ಷರವಾಗಿಸಿ ಮತ್ತೆ ಸಂಖ್ಯೆಯಾಗಿಸುವ ಖರ್ಚು ತಪ್ಪಲಿಲ್ಲ. ಇಂಡಿಯಾನಾ ವಿಶ್ವವಿದ್ಯಾಲಯದ ಸಂಶೋಧಕರು 2002ರಲ್ಲೇ ತೋರಿಸಿದಂತೆ, ವೈಜ್ಞಾನಿಕ ದತ್ತಾಂಶವನ್ನು ಸೋಪ್‌ನಲ್ಲಿ ಕಳಿಸುವಾಗ ಸಮಯದ ಸಿಂಹಪಾಲು ಹೋಗುತ್ತಿದ್ದುದು ಅಲ್ಲಿಗೇ. ಪಾರ್ಸರು ಎಷ್ಟು ಚುರುಕಾದರೂ ಇದಕ್ಕೆ ಮದ್ದಿರಲಿಲ್ಲ.

ಬಳಸುವ ಕ್ರಮವನ್ನು ವಾನ್ ಎಂಗೆಲೆನ್ ಒಂದು ಕ್ಯಾಲ್ಕ್ಯುಲೇಟರಿನಿಂದ ಕಲಿಸಿದರು. ಕೂಡು, ಕಳೆ, ಗುಣಿಸು, ಭಾಗಿಸು, ಘಾತ: ಐದು ಫಂಕ್ಷನ್ನುಗಳ ಒಂದು ಹೆಡರ್. ಅದನ್ನು ಸೋಪ್‌ಸಿಪಿಪಿ2ಗೆ ಕೊಟ್ಟರೆ ಹಲವು ಫೈಲುಗಳು ಉದುರುತ್ತವೆ. ಕ್ಲೈಂಟಿನ ಸ್ಟಬ್, ಸರ್ವರಿನ ಸ್ಕೆಲಿಟನ್, ಬರೆಯುವ ಓದುವ ಫಂಕ್ಷನ್ನುಗಳು, ನೇಮ್‌ಸ್ಪೇಸುಗಳ ಪಟ್ಟಿ, ಹೊರಗಿನವರಿಗಾಗಿ ಒಂದು ಡಬ್ಲ್ಯುಎಸ್‌ಡಿಎಲ್, ಜೊತೆಗೆ ನೋಡಲು ಮಾದರಿ ಎಕ್ಸ್‌ಎಂಎಲ್ ಸಂದೇಶಗಳು. ಸರ್ವರಿನವನು ಬರೆಯಬೇಕಾದ್ದು ಕೂಡುವ ಒಂದು ಸಾಲು. ಕ್ಲೈಂಟಿನವನು ಬರೆಯಬೇಕಾದ್ದು ಕರೆಯುವ ಒಂದು ಸಾಲು. ಇವೆರಡರ ಜೊತೆ ಜಿಸೋಪ್‌ನ ರನ್‌ಟೈಮ್ ಲೈಬ್ರರಿಯನ್ನು ಸೇರಿಸಿ ಕಂಪೈಲ್ ಮಾಡಿದರೆ ಕೆಲಸ ಮುಗಿಯಿತು. ಓದುವಾಗ ಹಂಚಿದ ಮೆಮೊರಿಯೆಲ್ಲ ಒಂದು ಕಾಂಟೆಕ್ಸ್ಟಿನ ಲೆಕ್ಕಕ್ಕೆ ಸೇರುವುದರಿಂದ ಒಂದೇ ಕರೆಯಲ್ಲಿ ಹಿಂತಿರುಗಿಸಬಹುದು. ಸಿ ಪ್ರೋಗ್ರಾಮರಿಗೆ ಇದು ಚಿಕ್ಕ ಉಪಕಾರವಲ್ಲ. ಉದುರಿದ ಫೈಲುಗಳನ್ನು ಮಾತ್ರ ಕೈಯಿಂದ ತಿದ್ದಬಾರದು. ಮುಂದಿನ ಸಲ ಜನರೇಟರು ಓಡಿದಾಗ ತಿದ್ದಿದ್ದೆಲ್ಲ ಅಳಿಯುತ್ತದೆ.

ಬೇಗನೆ ಗಾಳಿ ತಿರುಗಿತು. ಜನ ತಮ್ಮ ಹೆಡರಿನಿಂದ ಸೇವೆ ಕಟ್ಟುವುದಕ್ಕಿಂತ ಬೇರೆಯವರ ಸೇವೆಗೆ ಕ್ಲೈಂಟ್ ಕಟ್ಟುವುದೇ ಹೆಚ್ಚಾಯಿತು. 2002ರಲ್ಲಿ ಗೂಗಲ್ ತನ್ನ ಹುಡುಕಾಟವನ್ನೂ ಅಮೆಜಾನ್ ತನ್ನ ಅಂಗಡಿಯನ್ನೂ ಸೋಪ್ ಮೂಲಕ ತೆರೆದವು. ಕರಾರು ಆ ಬದಿಯಲ್ಲಿ, ಡಬ್ಲ್ಯುಎಸ್‌ಡಿಎಲ್‌ನಲ್ಲಿ. ಅದಕ್ಕಾಗಿ ಡಬ್ಲ್ಯುಎಸ್‌ಡಿಎಲ್2ಎಚ್ ಎಂಬ ಇನ್ನೊಂದು ಉಪಕರಣ ಸೇರಿತು: ಡಬ್ಲ್ಯುಎಸ್‌ಡಿಎಲ್ ಓದಿ ಹೆಡರ್ ಬರೆಯುವುದು ಅದರ ಕೆಲಸ. ಹೆಡರು ಮೂಲವಾಗಿದ್ದಲ್ಲಿ ಈಗ ನಡುವಿನ ನಿಲ್ದಾಣವಾಯಿತು. ನನ್ನ ಮಟ್ಟಿಗೆ ಜಿಸೋಪ್ ಬದುಕುಳಿದದ್ದು ಈ ನಿಲ್ದಾಣದಿಂದ. ಬೇರೆ ಜನರೇಟರುಗಳು ಡಬ್ಲ್ಯುಎಸ್‌ಡಿಎಲ್‌ನಿಂದ ನೇರ ಕೋಡಿಗೆ ಜಿಗಿಯುತ್ತಿದ್ದವು; ಏನೋ ತಪ್ಪಾದರೆ ಸಾವಿರಾರು ಸಾಲುಗಳ ಕಾಡಿನಲ್ಲಿ ಹುಡುಕಬೇಕು. ಇಲ್ಲಿ ನಡುವೆ ಮನುಷ್ಯ ಓದಬಲ್ಲ ಒಂದು ಹೆಡರ್ ಇತ್ತು. ಆಚೆಯವರು ಏನು ಕೇಳುತ್ತಿದ್ದಾರೆ ಎಂದು ಅದನ್ನು ನೋಡಿ ತಿಳಿಯಬಹುದಿತ್ತು.

ಗೂಗಲ್ 2006ರ ಡಿಸೆಂಬರಿನಲ್ಲಿ ಸೋಪ್ ಹುಡುಕಾಟಕ್ಕೆ ಹೊಸ ಕೀಲಿ ಕೊಡುವುದನ್ನು ನಿಲ್ಲಿಸಿತು. ಜೇಸನ್ ಎಂಬ ಹಗುರವಾದ ನಮೂನೆ ಬಂತು, ಜಾಲದ ಪ್ರೋಗ್ರಾಮರುಗಳು ಲಕೋಟೆಯನ್ನು ಕಸದಬುಟ್ಟಿಗೆ ಹಾಕಿದರು. ಎಕ್ಸ್‌ಎಂಎಲ್ ಹೋಗಲಿಲ್ಲ. 2016ರಲ್ಲಿ ಶುರುವಾದ ಯುಪಿಐನಲ್ಲಿ, ತರಕಾರಿ ಅಂಗಡಿಯ ಕ್ಯುಆರ್ ಚೌಕ ಸ್ಕ್ಯಾನ್ ಮಾಡಿದಾಗ ಬ್ಯಾಂಕುಗಳಿಗೂ ಅದನ್ನು ನಡೆಸುವ ಎನ್‌ಪಿಸಿಐಗೂ ನಡುವೆ ಓಡಾಡುವುದು ಎಕ್ಸ್‌ಎಂಎಲ್ ಸಂದೇಶಗಳೇ, ಸೋಪ್ ಲಕೋಟೆಯಿಲ್ಲದೆ. ಸೋಪ್ ತಾನೂ ಒಂದು ಅನಿರೀಕ್ಷಿತ ಜಾಗದಲ್ಲಿ ನೆಲೆ ಕಂಡಿತು. 2008ರಲ್ಲಿ ಕ್ಯಾಮೆರಾ ಕಂಪನಿಗಳಾದ ಆಕ್ಸಿಸ್ (ಅಪಾಚೆ ಆಕ್ಸಿಸ್‌ಗೂ ಇದಕ್ಕೂ ಹೆಸರಿನ ನಂಟಷ್ಟೇ), ಬಾಷ್, ಸೋನಿ ಸೇರಿ ಶುರುಮಾಡಿದ ಆನ್‌ವಿಫ್ ಎಂಬ ಕೂಟ, ಯಾವ ಕಂಪನಿಯ ಭದ್ರತಾ ಕ್ಯಾಮೆರಾ ಆದರೂ ಒಂದೇ ರೀತಿ ಮಾತಾಡಬೇಕೆಂದು ಡಬ್ಲ್ಯುಎಸ್‌ಡಿಎಲ್‌ಗಳನ್ನು ಹೊರತಂದಿತು. ಕ್ಯಾಮೆರಾದೊಳಗಿನ ಚಿಕ್ಕ ಪ್ರೊಸೆಸರಿನಲ್ಲಿ ಜಾವಾಕ್ಕೆ ಜಾಗವಿಲ್ಲ. ಸಿ ಬೇಕು, ಮರ ಬೆಳೆಸದ ಪಾರ್ಸರ್ ಬೇಕು. ಜಿಸೋಪ್ ಅಳತೆ ಕೊಟ್ಟು ಹೊಲಿಸಿದಂತೆ ಹೊಂದಿತು.

2017ರಲ್ಲಿ ಸೆನ್ರಿಯೊ ಎಂಬ ಭದ್ರತಾ ಸಂಸ್ಥೆಯವರು ಆಕ್ಸಿಸ್‌ನ ಎಂ3004 ಎಂಬ ಗುಮ್ಮಟದಾಕಾರದ ಕ್ಯಾಮೆರಾವನ್ನು ಬಿಚ್ಚಿ ನೋಡುತ್ತಿದ್ದರು. ಅವರಿಗೆ ಸಿಕ್ಕಿದ ದೋಷ ಕ್ಯಾಮೆರಾದ್ದಾಗಿರಲಿಲ್ಲ, ಜಿಸೋಪ್ ಲೈಬ್ರರಿಯದ್ದು. ಎಕ್ಸ್‌ಎಂಎಲ್‌ನಲ್ಲಿ ಪ್ರಶ್ನಾರ್ಥಕ ಚಿಹ್ನೆಯಿಂದ ತೆರೆದು ಅದರಿಂದಲೇ ಮುಚ್ಚುವ ಒಂದು ಬಗೆಯ ಸೂಚನೆಯಿದೆ. ಅದನ್ನು ಓದುವ ಫಂಕ್ಷನ್ನು 64 ಬೈಟಿನ ಒಂದು ಜಾಗ ಇಟ್ಟುಕೊಂಡಿತ್ತು. ಒಂದು ಎಣಿಕೆ 64ರಿಂದ ಇಳಿಯುತ್ತ ಹೋಗುತ್ತದೆ. ಸೊನ್ನೆಗಿಂತ ಮೇಲಿರುವ ತನಕ ಮಾತ್ರ ಅಕ್ಷರವನ್ನು ಬರೆದಿಡುತ್ತದೆ, ಆಮೇಲೆ ಬಂದದ್ದನ್ನು ಓದಿ ಬಿಸಾಡುತ್ತದೆ. ನೋಡಲು ಎಚ್ಚರಿಕೆಯ ಕೋಡೇ. ಆದರೆ ಬಿಸಾಡುವಾಗಲೂ ಎಣಿಕೆ ಇಳಿಯುವುದು ನಿಲ್ಲುವುದಿಲ್ಲ. ಮುಚ್ಚುವ ಚಿಹ್ನೆಯನ್ನೇ ಕೊಡದೆ 2 ಗಿಗಾಬೈಟಿಗೂ ಹೆಚ್ಚು ಅಕ್ಷರ ಸುರಿದರೆ ಅದು ಋಣ 2,14,74,83,648ಕ್ಕೆ ಮುಟ್ಟುತ್ತದೆ, 32 ಬಿಟ್ಟಿನ ಇಂಟ್‌ನ ತಳ ಅದು. ಇನ್ನೊಂದು ಇಳಿದರೆ ಧನ 2,14,74,83,647. ಸೊನ್ನೆಗಿಂತ ಮೇಲೆ! ಫಂಕ್ಷನ್ನು ಮತ್ತೆ ಬರೆಯಲು ತೊಡಗುತ್ತದೆ, ಈ ಸಲ 64 ಬೈಟಿನ ಗೋಡೆ ದಾಟಿ, ಸ್ಟ್ಯಾಕಿನ ಮೇಲೆ. ಅಲ್ಲಿಂದ ಮುಂದೆ ಕ್ಯಾಮೆರಾ ಸುರಿದವನ ಕೈಯಲ್ಲಿ. ಈ ಕೋಡು ಬರೆದ ಕಾಲದಲ್ಲಿ 2 ಗಿಗಾಬೈಟಿನ ಎಕ್ಸ್‌ಎಂಎಲ್ ಸಂದೇಶ ಎಂದರೆ ಯಾರಾದರೂ ನಗುತ್ತಿದ್ದರು.

ಶೋಧಕರು ದೋಷಕ್ಕೆ ಡೆವಿಲ್ಸ್ ಐವಿ ಎಂದು ಹೆಸರಿಟ್ಟರು. ನಮ್ಮ ಮನೆಗಳ ಬಾಟಲಿಯಲ್ಲಿ ಹಬ್ಬುವ ಮನಿ ಪ್ಲಾಂಟ್ ಅದೇ ಗಿಡ. ಎಷ್ಟು ಕತ್ತರಿಸಿದರೂ ಸಾಯುವುದಿಲ್ಲ. ಆಕ್ಸಿಸ್ ತನ್ನ 249 ಮಾದರಿಗಳಲ್ಲಿ ದೋಷವಿದೆ ಎಂದು ಹೇಳಿತು. ಹೆಡರು ಓದಿ ಜನರೇಟರು ಬರೆದ ಕೋಡು ಇಲ್ಲಿ ನಿರ್ದೋಷಿ. ತಪ್ಪಿದ್ದದ್ದು ಕೈಯಿಂದ ಬರೆದು ಎಲ್ಲರಿಗೂ ಹಂಚಿದ್ದ ರನ್‌ಟೈಮಿನಲ್ಲಿ. ಜೂನ್‌ನಲ್ಲಿ ಬಂದ ಜಿಸೋಪ್ 2.8.48ರಲ್ಲಿ ಅದನ್ನು ತಿದ್ದಿದರು. ಬಳಸುತ್ತಿದ್ದವರು ತಮ್ಮ ಹೆಡರಿನ ಒಂದು ಸಾಲನ್ನೂ ಮುಟ್ಟಬೇಕಾಗಿರಲಿಲ್ಲ. ಹೊಸ ಲೈಬ್ರರಿ ಹಾಕಿ ಮತ್ತೊಮ್ಮೆ ಕಂಪೈಲ್ ಮಾಡಿ ಫರ್ಮ್‌ವೇರ್ ಕಟ್ಟಿದರೆ ಆಯಿತು. ಆಕ್ಸಿಸ್ ತನ್ನ ಪಾಲಿನದನ್ನು ಕಟ್ಟಿ ಬಿಡುಗಡೆ ಮಾಡಿತು. ಅದನ್ನು ಕ್ಯಾಮೆರಾಗಳಿಗೆ ಏರಿಸುವ ಕೆಲಸ ಕೊಂಡವರ ಪಾಲಿಗೆ ಬಿತ್ತು.